ಹೊಟ್ಟೆಕಿಚ್ಚು ಮತ್ತು ಮಳೆ

ಗಿರೀಶ ಕಾರ್ನಾಡರು ತೀರಿಕೊಂಡದ್ದು 2019ರ ಜೂನ್ 10ರಂದು. ಆ ದಿನಗಳಲ್ಲಿ ನಮ್ಮ ಚೆನ್ನೈ ನಗರದಲ್ಲಿ ನೀರಿಗೆ ಹಾಹಾಕಾರವೆದ್ದಿತ್ತು. ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಈ ನಾಲ್ಕೂ ಜಲಾಶಯಗಳು ಬತ್ತಿ ತಳದ ಮಣ್ಣು ಬಿರುಕು ಬಿಟ್ಟಿತ್ತು. ಬೀದಿಬೀದಿಯಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲು. ಲಾರಿ ಬಂತೆಂದರೆ ಹೆಂಗಸರು ಮಕ್ಕಳೆನ್ನದೆ ಎಲ್ಲರೂ ಓಡುವುದು. ಮೂರೂವರೆ ವರ್ಷದ ಹಿಂದೆ, 2015ರ ಡಿಸೆಂಬರಿನಲ್ಲಿ, ಇದೇ ನಗರ ನೆರೆಯಲ್ಲಿ ಮುಳುಗಿತ್ತು ಎಂದರೆ ಹೊಸಬರು ನಂಬುವ ಸ್ಥಿತಿಯಿರಲಿಲ್ಲ. ಆ ವಾರ ಸಂಘದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ‘ತುಘಲಕ್’ ‘ಹಯವದನ’ಗಳ ಮಾತೇ ಹೆಚ್ಚಾಗಿ ಬಂತು. ಅದು ಸಹಜವೇ. ಆದರೆ ಮನೆಗೆ ಹಿಂತಿರುಗಿ, ಕೈತೊಳೆಯಲು ಚೊಂಬಿನಲ್ಲಿ ಅಳೆದು ನೀರು ತೆಗೆದುಕೊಳ್ಳುವಾಗ, ನಮಗೆ ನೆನಪಾದದ್ದು ಅವರ ಇನ್ನೊಂದು ನಾಟಕ, ‘ಅಗ್ನಿ ಮತ್ತು ಮಳೆ’. ಅಂದು ರಾತ್ರಿ ಅದನ್ನು ಮತ್ತೆ ಓದಿದೆವು. ಹಿಂದೆ ಓದಿದ್ದಾಗ ಕಾಣದಿದ್ದ ಒಂದು ಸಂಗತಿ ಅಂದು ಕಂಡಿತು. ಅದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಕಾರ್ನಾಡರು ನಮ್ಮಂಥ ಹೊರನಾಡ ಕನ್ನಡಿಗರಿಗೆ ದೂರದವರೇನಲ್ಲ. ಅವರು ಹುಟ್ಟಿದ್ದು ಮುಂಬಯಿಗೆ ಸಮೀಪದ ಮಾಥೇರಾನಿನಲ್ಲಿ, 1938ರಲ್ಲಿ. ಮನೆಮಾತು ಕೊಂಕಣಿ, ಬರೆದದ್ದು ಕನ್ನಡದಲ್ಲಿ. ಆಕ್ಸ್‌ಫರ್ಡಿನಿಂದ ಹಿಂತಿರುಗಿದ ಮೇಲೆ 1963ರಿಂದ 1970ರವರೆಗೆ ಇದೇ ಮದರಾಸಿನಲ್ಲಿ, ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ, ಕೆಲಸ ಮಾಡಿದರು; ಇಲ್ಲಿಯ ಹವ್ಯಾಸಿ ನಾಟಕ ತಂಡದೊಡನೆ ರಂಗದ ಮೇಲೆ ದುಡಿದರು. ‘ಅಗ್ನಿ ಮತ್ತು ಮಳೆ’ ಇದಕ್ಕಿಂತ ಬಹಳ ತಡವಾಗಿ, 1990ರ ದಶಕದಲ್ಲಿ, ಬಂದ ಕೃತಿ. 2002ರಲ್ಲಿ ‘ಅಗ್ನಿವರ್ಷ’ ಎಂಬ ಹಿಂದೀ ಚಲನಚಿತ್ರವಾಗಿಯೂ ಬಂದುದರಿಂದ ಕಥೆಯ ಹೊರರೇಖೆ ಕೆಲವರಿಗೆ ಪರಿಚಿತವಿರಬಹುದು.

ನಾಟಕದ ಬೇರು ಮಹಾಭಾರತದ ವನಪರ್ವದಲ್ಲಿದೆ. ತೀರ್ಥಯಾತ್ರೆಯಲ್ಲಿ ಲೋಮಶ ಋಷಿ ಧರ್ಮರಾಯನಿಗೆ ಹೇಳುವ ಕಥೆ ಅದು. ಭರದ್ವಾಜ, ರೈಭ್ಯ ಇಬ್ಬರೂ ಸ್ನೇಹಿತರು. ರೈಭ್ಯನೂ ಅವನ ಇಬ್ಬರು ಮಕ್ಕಳೂ ವೇದವಿದ್ಯೆಯಲ್ಲಿ ಹೆಸರಾದವರು. ಜನ ಅವರನ್ನು ಗೌರವಿಸುತ್ತಾರೆ. ಭರದ್ವಾಜನ ಮಗ ಯವಕ್ರೀತನಿಗೆ ಇದು ಸಹಿಸುವುದಿಲ್ಲ. ಗುರುವಿನ ಬಳಿ ಕೂತು ಕಲಿಯುವ ಗೋಜಿಲ್ಲದೆ ವೇದವೆಲ್ಲವೂ ತನಗೆ ಒದಗಬೇಕೆಂದು ಘೋರ ತಪಸ್ಸಿಗೆ ಇಳಿಯುತ್ತಾನೆ. ಇಂದ್ರ ಮುದಿ ಬ್ರಾಹ್ಮಣನ ವೇಷದಲ್ಲಿ ಬಂದು ಗಂಗೆಗೆ ಹಿಡಿಹಿಡಿ ಮರಳು ಸುರಿಯುತ್ತ ಕೂರುತ್ತಾನೆ. ಏನು ಮಾಡುತ್ತಿದ್ದೀಯೆಂದು ಕೇಳಿದರೆ ಸೇತುವೆ ಕಟ್ಟುತ್ತಿದ್ದೇನೆಂದು ಉತ್ತರ. ಇದು ಆಗಹೋಗುವ ಕೆಲಸವೇ ಎಂದು ಯವಕ್ರೀತ ನಗುತ್ತಾನೆ. ನಿನ್ನ ತಪಸ್ಸೂ ಅಂಥದೇ ಎಂಬುದು ಇಂದ್ರನ ಪಾಠ. ಆದರೆ ಹಠ ಬಿಡದವನಿಗೆ ಕೊನೆಗೆ ವರ ಕೊಡದೆ ವಿಧಿಯಿಲ್ಲ.

ಮಗ ವರ ಪಡೆದು ಬಂದಾಗ ತಂದೆ ಭರದ್ವಾಜ ಸಂತೋಷಪಡುವುದಿಲ್ಲ. ಎಚ್ಚರಿಕೆಗೆಂದು ಒಂದು ಉಪಕಥೆ ಹೇಳುತ್ತಾನೆ. ಬಾಲಧಿ ಎಂಬ ಋಷಿ ಸಾವಿಲ್ಲದ ಮಗನನ್ನು ಬೇಡಿದ. ಸಾವಿಲ್ಲದವರು ಇರಲಾರರು, ಆಯುಸ್ಸಿಗೊಂದು ಗಡುವು ಹೇಳು ಎಂದರು ದೇವತೆಗಳು. ಈ ಬೆಟ್ಟಗಳು ಇರುವವರೆಗೆ ನನ್ನ ಮಗ ಇರಲಿ ಎಂದ ಬಾಲಧಿ. ಮಗ ಮೇಧಾವಿ ಹುಟ್ಟಿದ. ಬೆಟ್ಟಕ್ಕೆ ಸಾವೆಲ್ಲಿಯದು ಎಂಬ ಸೊಕ್ಕಿನಲ್ಲಿ ಬೆಳೆದು ಋಷಿಗಳನ್ನೆಲ್ಲ ಅವಮಾನಿಸಿದ. ಧನುಷಾಕ್ಷನೆಂಬ ಋಷಿ ಶಾಪ ಕೊಟ್ಟರೂ ಅವನು ಸಾಯಲಿಲ್ಲ. ಆಗ ಋಷಿ ಕೋಣಗಳಿಂದ ಬೆಟ್ಟಗಳನ್ನೇ ಒಡೆಸಿ ಹಾಕಿದ. ಹುಡುಗ ಸತ್ತು ಬಿದ್ದ. ಇಬ್ಬರ ಹಗೆತನ ತೀರಲು ಬೆಟ್ಟ ಪುಡಿಯಾಗಬೇಕಾಯಿತು. ಬೆಟ್ಟದ ಆಯುಸ್ಸೇ ತಮ್ಮ ಆಯುಸ್ಸು ಎಂಬುದು ಇಬ್ಬರಿಗೂ ಬೇರೆಬೇರೆ ರೀತಿಯಲ್ಲಿ ಮರೆತುಹೋಗಿತ್ತು. ‘ಅಗ್ನಿ ಮತ್ತು ಮಳೆ’ಯನ್ನು ಓದುವವರು ಈ ಉಪಕಥೆಯನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟನ್ನು ವ್ಯಾಸರಿಂದ ಪಡೆದ ಕಾರ್ನಾಡರು ಮುಖ್ಯವಾಗಿ ಎರಡು ಸಂಗತಿಗಳನ್ನು ತಾವೇ ಸೇರಿಸಿದ್ದಾರೆ. ಒಂದು, ಬರಗಾಲ. ಮೂಲದಲ್ಲಿ ರೈಭ್ಯನ ಮಕ್ಕಳು ಮಾಡಿಸುವ ಯಜ್ಞಕ್ಕೂ ಮಳೆಗೂ ಸಂಬಂಧವಿಲ್ಲ. ಮಳೆ ತರಿಸಿದ ಋಷ್ಯಶೃಂಗನ ಕಥೆಯನ್ನು ಅದೇ ಲೋಮಶ ಅದೇ ಯಾತ್ರೆಯಲ್ಲಿ ಹೇಳಿದ್ದರೂ ಅದು ಬೇರೆಯೇ ಕಥೆ. ನಾಟಕದಲ್ಲಾದರೋ ವರ್ಷಗಟ್ಟಲೆ ಮಳೆಯಿಲ್ಲ. ಇಂದ್ರನನ್ನು ಒಲಿಸಲು ರಾಜ ಏಳು ವರ್ಷದ ಯಜ್ಞ ಹೂಡಿದ್ದಾನೆ. ರೈಭ್ಯನ ಹಿರಿಯ ಮಗ ಪರಾವಸು ಅದರ ಮುಖ್ಯ ಪುರೋಹಿತ. ಎರಡನೆಯದು, ನಿತ್ತಿಲೆ ಎಂಬ ಬೇಡರ ಹುಡುಗಿ. ಕಿರಿಯ ಮಗ ಅರವಸು ಅವಳನ್ನು ಮದುವೆಯಾಗಲು ಜಾತಿಯನ್ನೇ ಬಿಡಲು ಸಿದ್ಧನಾಗಿದ್ದಾನೆ. ಈ ಎರಡು ಸೇರ್ಪಡೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಏಕೆಂದರೆ ಬರಗಾಲವನ್ನು ಬರಗಾಲವಾಗಿಯೇ ನೋಡುವವಳು ಇಡೀ ನಾಟಕದಲ್ಲಿ ನಿತ್ತಿಲೆಯೊಬ್ಬಳೇ.

ಉಳಿದವರು ಏನನ್ನು ನೋಡುತ್ತಿದ್ದಾರೆ? ಒಬ್ಬರನ್ನೊಬ್ಬರು. ಮುಖ್ಯ ಪುರೋಹಿತನ ಪಟ್ಟ ತನ್ನ ತಂದೆಗೆ ಸಲ್ಲಬೇಕಿತ್ತು, ಪರಾವಸುವಿನ ಪಾಲಾಯಿತು ಎಂಬ ಉರಿ ಯವಕ್ರಿಯದು. ಆ ಪಟ್ಟ ತನಗೆ ಬರದೆ ಮಗನಿಗೆ ಹೋಯಿತಲ್ಲಾ ಎಂಬ ಸಂಕಟ ರೈಭ್ಯನದು. ಹೆತ್ತ ಮಗನ ಮೇಲೆಯೇ ಮತ್ಸರ! ಪರಾವಸುವೋ ಮನುಷ್ಯರನ್ನೆಲ್ಲ ಮೀರಿ ಇಂದ್ರನೊಡನೆಯೇ ಸ್ಪರ್ಧೆಗೆ ನಿಂತವನು; ಮದುವೆಯಾದ ಕೆಲಕಾಲಕ್ಕೇ ಹೆಂಡತಿ ವಿಶಾಖೆಯನ್ನು ಬಿಟ್ಟು ಯಜ್ಞಶಾಲೆ ಸೇರಿದವನು. ಯವಕ್ರಿ ಹತ್ತು ವರ್ಷ ಕಾಡಿನಲ್ಲಿ ತಪಸ್ಸು ಮಾಡಿ ಬಂದದ್ದು ಕೊನೆಗೆ ಯಾವುದಕ್ಕೆ? ಪರಾವಸುವಿನ ಹೆಂಡತಿಯನ್ನು ಕೆಡಿಸಿ ಹಳೆಯ ಲೆಕ್ಕ ತೀರಿಸಲು. ರೈಭ್ಯ ತನ್ನ ಮಂತ್ರಶಕ್ತಿಯಿಂದ ಮಾಡಿದ್ದೇನು? ಯವಕ್ರಿಯನ್ನು ಕೊಲ್ಲಲು ಬ್ರಹ್ಮರಾಕ್ಷಸನನ್ನು ಕಳುಹಿಸಿದ್ದು. ಪರಾವಸು ಬಾಣದಿಂದ ತಂದೆಯನ್ನು ಕೊಂದು, ಆ ಪಿತೃಹತ್ಯೆಯ ಹೊರೆಯನ್ನು ಏನೂ ಅರಿಯದ ತಮ್ಮನ ತಲೆಗೆ ಕಟ್ಟುತ್ತಾನೆ. ಇವರ ಪೈಕಿ ದಡ್ಡರು ಯಾರೂ ಇಲ್ಲ. ಎಲ್ಲರೂ ವಿದ್ವಾಂಸರು, ತಪಸ್ವಿಗಳು. ಅಷ್ಟು ವಿದ್ಯೆ, ಅಷ್ಟು ತಪಸ್ಸು ಎಲ್ಲವೂ ಪಕ್ಕದವನ ಕಡೆಗೆ ತಿರುಗಿ ನಿಂತಿದೆ. ಹೊರಗೆ ಹೊಲ ಸುಟ್ಟುಹೋಗುತ್ತಿರುವುದು ಯಾರ ಕಣ್ಣಿಗೂ ಬಿದ್ದಿಲ್ಲ.

ನಮ್ಮ ಹಿರಿಯರು ಅರಿಷಡ್ವರ್ಗದಲ್ಲಿ ಮಾತ್ಸರ್ಯವನ್ನು ಕಡೆಯದಾಗಿ ಎಣಿಸಿದ್ದಾರೆ. ಕನ್ನಡದಲ್ಲಿ ಅದಕ್ಕೆ ಇನ್ನೂ ಬಿಸಿಯಾದ ಮಾತಿದೆ: ಹೊಟ್ಟೆಕಿಚ್ಚು. ‘ಅಗ್ನಿ ಮತ್ತು ಮಳೆ’ಯ ಅಗ್ನಿ ಯಾವುದು ಎಂದು ಕೇಳಿದರೆ ಯಜ್ಞಕುಂಡದ ಬೆಂಕಿ ಎಂದು ಥಟ್ಟನೆ ಹೇಳಿಬಿಡುತ್ತೇವೆ. ಅದು ಅರ್ಧ ಉತ್ತರ ಮಾತ್ರ. ಕುಂಡದ ಬೆಂಕಿಯ ಸುತ್ತ ಕುಳಿತವರ ಹೊಟ್ಟೆಯಲ್ಲೂ ಒಂದು ಬೆಂಕಿಯಿದೆ. ಯಜ್ಞಶಾಲೆಯ ಹೊರಗೆ ಹಸಿದ ಜನರ ಹೊಟ್ಟೆಯಲ್ಲಿ ಮತ್ತೊಂದು. ಆಸೆಯಾದರೆ ಬಯಸಿದ ವಸ್ತು ಸಿಕ್ಕಾಗ ಸ್ವಲ್ಪ ಹೊತ್ತಾದರೂ ತಣಿಯುತ್ತದೆ. ಹೊಟ್ಟೆಕಿಚ್ಚಿಗೆ ಆ ತಣಿವಿಲ್ಲ, ಏಕೆಂದರೆ ಅದಕ್ಕೆ ಬೇಕಾದದ್ದು ವಸ್ತುವಲ್ಲ. ಅದು ಇನ್ನೊಬ್ಬನ ಬಳಿ ಇರಬಾರದು, ಅಷ್ಟೇ. ಯವಕ್ರಿಗೆ ಸಕಲ ಜ್ಞಾನವೂ ದೊರೆಯಿತು. ಉರಿ ಮಾತ್ರ ಆರಲಿಲ್ಲ.

ಈ ವಿದ್ವಾಂಸರ ನಡುವೆ ನಿತ್ತಿಲೆ ಕೇಳುವ ಪ್ರಶ್ನೆ ಬಹಳ ಸರಳ. ಇಂದ್ರ ಪ್ರತ್ಯಕ್ಷನಾದಾಗ ಈ ಯವಕ್ರಿ ತನಗೆ ಜ್ಞಾನ ಬೇಕೆಂದನೇ ಹೊರತು ಒಂದೆರಡು ಹದವಾದ ಮಳೆಯನ್ನು ಏಕೆ ಕೇಳಲಿಲ್ಲ? ಊರ ಸುತ್ತಣ ನೆಲ ಒಣಗಿ ಬಿರುಕು ಬಿಟ್ಟಿದೆ, ಮಕ್ಕಳು ಸಾಯುತ್ತಿವೆ. ಅವುಗಳನ್ನು ಉಳಿಸಲಾಗದ ಶಕ್ತಿಯಿಂದ ಪ್ರಯೋಜನವೇನು? ಈ ಮಾತಿಗೆ ನಾಟಕದಲ್ಲಿ ಯಾರೂ ಸರಿಯಾದ ಉತ್ತರ ಕೊಡುವುದಿಲ್ಲ. ಕೊಡಲು ಸಾಧ್ಯವೂ ಇಲ್ಲ. ಮಳೆಯನ್ನು ಬೇಡಿದರೆ ಅದು ಬೇಡಿದವನ ಹೊಲಕ್ಕೆ ಬೀಳುವಂತೆ ಹಗೆಯ ಹೊಲಕ್ಕೂ ಬೀಳುತ್ತದೆ. ಯವಕ್ರಿ ಮಳೆ ಕೇಳಿದ್ದರೆ ಅದು ರೈಭ್ಯನ ಆಶ್ರಮದ ಮೇಲೂ ಸುರಿಯುತ್ತಿತ್ತು. ಹೊಟ್ಟೆಕಿಚ್ಚಿನವನು ಇಂಥ ವರವನ್ನು ಹೇಗೆ ತಾನೇ ಬೇಡಿಯಾನು?

ಇಲ್ಲಿಗೆ ಬಂದಾಗ ನಾವು ಪುಸ್ತಕವನ್ನು ಮಡಿಸಿಟ್ಟೆವು. ಏಕೆಂದರೆ ನಮ್ಮ ಮನೆಯ ಕಥೆ ನೆನಪಾಯಿತು. ಹೇಳಿಕೊಳ್ಳಲು ಸಂಕೋಚವಾದರೂ ಹೇಳುತ್ತೇವೆ. ನಮ್ಮ ಬೀದಿಯ ಮನೆಗಳಲ್ಲಿ ಹಿಂದೆ ತೆರೆದ ಬಾವಿಗಳಿದ್ದವು. ಹಗ್ಗ ಇಳಿಬಿಟ್ಟರೆ ನೀರು. ಮೊದಲು ಒಬ್ಬರು ಕೊಳವೆಬಾವಿ ತೋಡಿಸಿದರು. ಪಕ್ಕದವರ ಬಾವಿ ತಗ್ಗಿತು. ಅವರು ಇನ್ನೂ ಆಳಕ್ಕೆ ಕೊರೆಸಿದರು. ಎದುರು ಮನೆಯವರು ಅದಕ್ಕಿಂತಲೂ ಆಳಕ್ಕೆ. ಬೇಸಿಗೆಯಲ್ಲಿ ಅವರ ಮೋಟಾರಿನ ಸದ್ದು ಕೇಳಿದಾಗಲೆಲ್ಲ ನಮ್ಮ ಹೊಟ್ಟೆಯಲ್ಲಿ ಏನೋ ಹೊತ್ತಿಕೊಳ್ಳುತ್ತಿತ್ತು. ನಮಗೆ ನೀರಿಲ್ಲ ಎಂಬುದಕ್ಕಿಂತ ಅವರಿಗಿದೆ ಎಂಬುದೇ ಹೆಚ್ಚು ಸುಡುತ್ತಿತ್ತು. ಕೊನೆಗೆ ನಾವೂ ಬೋರು ಕೊರೆಯುವ ಲಾರಿ ಕರೆಸಿದೆವು. ಎರಡು ದಿನ ಬೀದಿಯೆಲ್ಲ ಧೂಳು, ಗದ್ದಲ. ಬಂದದ್ದು ಬಾಯಿಗಿಡಲಾಗದ ಉಪ್ಪುನೀರು. ಕಡಲ ತಡಿಯ ಊರಿನಲ್ಲಿ ಸಿಹಿನೀರನ್ನು ಎಳೆದು ಮುಗಿಸಿದರೆ ಆ ಜಾಗಕ್ಕೆ ಸಮುದ್ರ ಒಳನುಗ್ಗುತ್ತದೆ ಎಂಬುದನ್ನು ಕೇಳಿ ತಿಳಿದಿದ್ದೆವು, ನಂಬಿರಲಿಲ್ಲ. ಪಕ್ಕದ ಮನೆಯ ಮಾಮಿ ಬೇಲಿಯ ಆಚೆಯಿಂದ ನೋಡಿ, “ನಮ್ಮದೂ ಉಪ್ಪಾಯಿತು ಸಾರ್, ಈಗ ನಿಮ್ಮದೂ ಆಯಿತೇ?” ಎಂದರು. ನಿಜ ಹೇಳಬೇಕೆಂದರೆ, ಅವರದೂ ಉಪ್ಪಾಗಿದೆ ಎಂದು ಕೇಳಿ ನಮಗೆ ಆ ಕ್ಷಣ ಒಂದು ಬಗೆಯ ಸಮಾಧಾನವೇ ಆಯಿತು. ಯವಕ್ರಿ ನಮಗಿಂತ ಕೀಳು ಎಂದು ಹೇಳುವ ಬಾಯಿ ನಮಗೆ ಉಳಿಯಲಿಲ್ಲ.

ಇದರ ಇನ್ನೊಂದು ಮುಖವೂ ಇದೆ. ಛಾವಣಿಯ ಮಳೆನೀರನ್ನು ನೆಲಕ್ಕೆ ಇಂಗಿಸುವ ಏರ್ಪಾಡು ಎಲ್ಲ ಕಟ್ಟಡಗಳಿಗೂ ಕಡ್ಡಾಯವೆಂದು ತಮಿಳುನಾಡು ಸರಕಾರ 2003ರಲ್ಲಿಯೇ ಕಾನೂನು ಮಾಡಿತು. ನಮ್ಮ ಬೀದಿಯಲ್ಲಿ ಎಲ್ಲರೂ ಕೊಳವೆ ಹಾಕಿಸಿದೆವು. ಕೆಲವು ವರ್ಷಗಳಲ್ಲಿ ಅದರಲ್ಲಿ ಕಸ ತುಂಬಿತು. ತೆಗೆಸುವ ಗೋಜಿಗೆ ಹೋಗಲಿಲ್ಲ. ಕೊರೆಯಲು ಸಾಲ ಮಾಡಿ ಹಣ ಕೊಡಲು ಸಿದ್ಧರಾದ ನಾವು ಇಂಗಿಸುವ ಗುಂಡಿಯ ಮರಳು ಬದಲಾಯಿಸಲು ಏಕೆ ಸೋಮಾರಿಗಳಾದೆವು? ಕೊರೆದ ನೀರು ನಮ್ಮ ಸಂಪಿಗೆ ಬರುತ್ತದೆ. ಇಂಗಿಸಿದ ನೀರು ಭೂಮಿಯೊಳಗೆ ಎತ್ತ ಹೋಗುತ್ತದೋ, ಯಾರ ಬಾವಿ ಸೇರುತ್ತದೋ! ನಮ್ಮ ಛಾವಣಿಯ ನೀರು ಎದುರು ಮನೆಯವರ ಮೋಟಾರಿಗೆ ಏಕೆ ಎಂಬ ಮಾತನ್ನು ನಾವೇ ಒಮ್ಮೆ ಆಡಿದ್ದುಂಟು. ಪರಿಸರದ ಆರೈಕೆಯಲ್ಲಿರುವ ತೊಡಕೇ ಇದು. ಅದರ ಫಲಕ್ಕೆ ಬೇಲಿ ಹಾಕಲು ಬರುವುದಿಲ್ಲ. ಗಿಡ ನೆಟ್ಟರೆ ನೆರಳು ಪಕ್ಕದ ಮನೆಯ ಮೇಲೂ ಬೀಳುತ್ತದೆ. ನೆರೆಯವನಿಗೂ ಒಳ್ಳೆಯದಾಗಲಿ ಎಂದು ಒಪ್ಪದವನು ನೆಲಕ್ಕೆ ಒಳ್ಳೆಯದನ್ನು ಮಾಡಲಾರ. ಕಾರ್ನಾಡರು ಬರಗಾಲವನ್ನೂ ಮತ್ಸರವನ್ನೂ ಒಂದೇ ಕಥೆಯಲ್ಲಿ ಕಟ್ಟಿದ್ದು ಏಕೆಂಬುದು ನಮಗೆ ಅರ್ಥವಾದದ್ದು ಹೀಗೆ.

ಇನ್ನು ನಾಟಕದೊಳಗಿನ ನಾಟಕಕ್ಕೆ ಬರೋಣ. ಯಜ್ಞದ ಕೊನೆಗೆ ನಟರ ತಂಡವೊಂದು ಇಂದ್ರ, ವಿಶ್ವರೂಪ, ವೃತ್ರರ ಕಥೆಯನ್ನು ಆಡುತ್ತದೆ. ಋಗ್ವೇದದ ವೃತ್ರ ನೀರನ್ನು ಕಟ್ಟಿಹಾಕಿ ಮಲಗಿದವನು. ಇಂದ್ರ ವಜ್ರಾಯುಧದಿಂದ ಅವನನ್ನು ಕೊಂದು ನೀರನ್ನು ಬಿಡಿಸುತ್ತಾನೆ. ಅಲ್ಲಿ ಬರಗಾಲದ ಕಾರಣ ರಾಕ್ಷಸ, ಬಿಡಿಸುವವನು ದೇವರು. ಕಾರ್ನಾಡರು ಮೂವರನ್ನೂ ಅಣ್ಣತಮ್ಮಂದಿರನ್ನಾಗಿ ಮಾಡಿ, ಲೋಕದ ಪ್ರೀತಿ ಗಳಿಸಿದ ವಿಶ್ವರೂಪನನ್ನು ಇಂದ್ರ ಮತ್ಸರದಿಂದ ಬೆನ್ನಹಿಂದಿನಿಂದ ಕೊಲ್ಲುವಂತೆ ಮಾಡಿದ್ದಾರೆ. ವೃತ್ರನ ಕೋಪ ಇಲ್ಲಿ ನ್ಯಾಯದ ಕೋಪವಾಗುತ್ತದೆ. ಮಳೆಯನ್ನು ತಡೆದು ನಿಲ್ಲಿಸಿರುವುದು ರಾಕ್ಷಸನಲ್ಲ, ಯಜ್ಞ ಯಾರನ್ನು ಕರೆಯುತ್ತಿದೆಯೋ ಆ ದೇವನ ಹೊಟ್ಟೆಕಿಚ್ಚೇ ಎಂದಂತಾಯಿತು. ವೃತ್ರನ ಮುಖವಾಡ ಧರಿಸಿದ ಅರವಸುವಿನ ಮೈಮೇಲೆ ಪಾತ್ರ ಬಂದು, ಅವನು ಯಜ್ಞಮಂಟಪಕ್ಕೇ ಬೆಂಕಿಯಿಡುತ್ತಾನೆ. ಪರಾವಸು ಉರಿಯೊಳಗೆ ನಡೆದುಹೋಗುತ್ತಾನೆ. ಏಳು ವರ್ಷ ನಿಯಮಬದ್ಧವಾಗಿ ಉರಿದ ಬೆಂಕಿ ಒಂದು ಗಳಿಗೆಯಲ್ಲಿ ಕಟ್ಟು ಮೀರುತ್ತದೆ.

ಇಂದ್ರ ಬರುವುದು ಅನಂತರ. ಅಷ್ಟರಲ್ಲಿ ನಿತ್ತಿಲೆ ಸತ್ತಿದ್ದಾಳೆ. ಅರವಸು ಹೇಳಿದ ಹೊತ್ತಿಗೆ ಬಾರದೆ ಹೋದುದರಿಂದ ಅವಳನ್ನು ಬೇರೊಬ್ಬನಿಗೆ ಕೊಟ್ಟಿದ್ದರು. ಪೆಟ್ಟು ತಿಂದು ಬಿದ್ದ ಅರವಸುವಿನ ಆರೈಕೆಗೆಂದು ಗಂಡನನ್ನು ಬಿಟ್ಟು ಬಂದವಳು ಅದೇ ಗಂಡನ ಕೈಯಿಂದ ಕೊಲೆಯಾಗುತ್ತಾಳೆ. ವರ ಕೇಳು ಎಂದಾಗ ಅರವಸುವಿನ ಬಾಯಿಗೆ ಬರುವುದು ನಿತ್ತಿಲೆಯ ಹೆಸರೇ. ಆದರೆ ಅವಳು ಬದುಕಬೇಕಾದರೆ ಕಾಲಚಕ್ರವೇ ಹಿಂದಕ್ಕೆ ಉರುಳಬೇಕು. ಯವಕ್ರಿ, ಪರಾವಸು ಎಲ್ಲರೂ ತಮ್ಮ ಉರಿಯೊಡನೆ ಎದ್ದುಬರಬೇಕು. ಇತ್ತ ಬ್ರಹ್ಮರಾಕ್ಷಸ ತನ್ನ ಬಿಡುಗಡೆಗಾಗಿ ಅಂಗಲಾಚುತ್ತಿದ್ದಾನೆ. ನಿತ್ತಿಲೆ ಇದ್ದಿದ್ದರೆ ಏನು ಬಯಸುತ್ತಿದ್ದಳೆಂದು ಯೋಚಿಸಿ ಅರವಸು ರಾಕ್ಷಸನ ಮುಕ್ತಿಯನ್ನು ಬೇಡುತ್ತಾನೆ. ಆಗ ಮಳೆ ಬೀಳುತ್ತದೆ. ಮೂಲ ಕಥೆಯ ಅರ್ವಾವಸು ಸತ್ತವರೆಲ್ಲರನ್ನೂ ಬದುಕಿಸಿಕೊಂಡು ಸುಖಾಂತ ಮಾಡುತ್ತಾನೆ. ಕಾರ್ನಾಡರ ಅರವಸು ತನ್ನವಳನ್ನು ಬಿಟ್ಟುಕೊಡುತ್ತಾನೆ. ಇಡೀ ನಾಟಕದಲ್ಲಿ ತನಗಾಗಿಯಲ್ಲದೆ ಬೇರೊಬ್ಬರಿಗಾಗಿ ಕೇಳಿದ ವರ ಇದೊಂದೇ.

ನಮ್ಮ ಆಕ್ಷೇಪ ಇರುವುದೂ ಇಲ್ಲಿಯೇ. ಮೊದಲನೆಯದಾಗಿ, ಬರಗಾಲವನ್ನು ನಾವು ನಿತ್ತಿಲೆಯ ಮಾತಿನಲ್ಲಿ ಕೇಳುತ್ತೇವೆಯೇ ಹೊರತು ಬರದಲ್ಲಿ ಬೆಂದ ಒಬ್ಬ ರೈತನ ಮುಖ ನಮ್ಮ ಮನಸ್ಸಿನಲ್ಲಿ ನಿಲ್ಲುವಂತೆ ನಾಟಕ ಮಾಡುವುದಿಲ್ಲ. ಋಷಿಗಳ ಉರಿಗೆ ಸಿಕ್ಕ ವಿಸ್ತಾರ ನೆಲದ ಉರಿಗೆ ಸಿಕ್ಕಿಲ್ಲ. ಎರಡನೆಯದಾಗಿ, ನೆಲದ ಬಗ್ಗೆ, ಮಕ್ಕಳ ಬಗ್ಗೆ ಮರುಗಿದ ಒಬ್ಬಳೇ ಒಬ್ಬಳು ಪ್ರಾಣ ತೆರುತ್ತಾಳೆ. ಮಳೆಯ ಪುಣ್ಯ ಅವಳ ಹೆಸರಿನಲ್ಲಿ ಅರವಸುವಿಗೆ ಸಲ್ಲುತ್ತದೆ. ನಾಟಕಕಾರರಿಗೆ ಇದರ ಅರಿವಿಲ್ಲವೆಂದು ನಾವು ಹೇಳುವುದಿಲ್ಲ. ಲೋಕದ ರೀತಿಯೇ ಹಾಗೆ ಎಂದು ಅವರು ತೋರಿಸುತ್ತಿರಬಹುದು. ಮೂರನೆಯದು, ದೇವರಿಂದ ಬಂದ ಮಳೆ. ಒಬ್ಬನ ಒಂದು ತ್ಯಾಗಕ್ಕೆ ಮುಗಿಲು ಕರಗುವುದು ರಂಗದ ಮೇಲೆ ಭವ್ಯವೇ. ಆದರೆ ನೋಡಿದವನು ಕಣ್ಣೊರೆಸಿಕೊಂಡು ಮನೆಗೆ ಹೋಗಿ ಮತ್ತೆ ಮೋಟಾರು ಹಾಕುವ ಅಪಾಯವಿದೆ. ನಮ್ಮ ಬೀದಿಗೆ ಬೇಕಾದದ್ದು ಒಂದು ದಿನದ ಮಹಾತ್ಯಾಗವಲ್ಲ. ವರ್ಷವರ್ಷವೂ ಗುಂಡಿಯ ಕಸ ತೆಗೆಯುವ ಸಣ್ಣ ಶ್ರದ್ಧೆ. ಅಂಥ ಶ್ರದ್ಧೆಯನ್ನು ರಂಗಕ್ಕೆ ತರುವುದು ಕಷ್ಟವೆಂಬುದನ್ನು ಒಪ್ಪುತ್ತೇವೆ.

ಈ ಊರಿನಲ್ಲಿ ಕನ್ನಡಿಗರಾಗಿರುವ ನಮಗೆ ಈ ನಾಟಕ ಇನ್ನೊಂದು ಬಗೆಯಲ್ಲಿ ತಟ್ಟುತ್ತದೆ. ಮಳೆ ಕಡಿಮೆಯಾದ ವರ್ಷ ನೆರೆಯವನ ಕೊಡದ ಮೇಲೆ ಕಣ್ಣು ಹೋಗುವುದು ಮನೆಗಳ ನಡುವೆ ಮಾತ್ರವಲ್ಲ, ರಾಜ್ಯಗಳ ನಡುವೆಯೂ ಉಂಟು. 1991ರಲ್ಲಿ, ಮತ್ತೆ 2016ರಲ್ಲಿ, ಕಾವೇರಿಯ ಹೆಸರಿನಲ್ಲಿ ಏನಾಯಿತೆಂಬುದನ್ನು ಇಲ್ಲಿಯ ಕನ್ನಡಿಗರಿಗೂ ಬೆಂಗಳೂರಿನ ತಮಿಳರಿಗೂ ಹೇಳಿಕೊಡಬೇಕಾಗಿಲ್ಲ. ನ್ಯಾಯವಾದ ಪಾಲಿಗಾಗಿ ವಾದಿಸುವುದು ಹೊಟ್ಟೆಕಿಚ್ಚಲ್ಲ. ಅದು ರೈತನ ಹಕ್ಕು. ಆದರೆ ಅವರ ಜಲಾಶಯ ತುಂಬಿತೆಂದು ಮುಖ ಬಾಡಿಸಿಕೊಳ್ಳುವುದು, ಬತ್ತಿತೆಂದು ಒಳಗೊಳಗೇ ಹಿಗ್ಗುವುದು ಎರಡೂ ಕಡೆಯಲ್ಲಿ ನಡೆದಿದೆ. ಅದಕ್ಕೆ ಬೇರೆ ಹೆಸರಿಲ್ಲ. ಈ ವಾದದಲ್ಲಿ ಕೊಡಗಿನ ಕಾಡು, ನದಿಯ ಮರಳು ಇವುಗಳ ಗತಿಯೇನೆಂದು ಕೇಳುವ ನಿತ್ತಿಲೆಯ ದನಿ ಎಷ್ಟು ಕ್ಷೀಣ! 2019ರ ಜುಲೈ 12ರಂದು ಜೋಲಾರಪೇಟೆಯಿಂದ ಐವತ್ತು ವ್ಯಾಗನ್ನುಗಳಲ್ಲಿ ಸುಮಾರು 25 ಲಕ್ಷ ಲೀಟರ್ ನೀರು ಹೊತ್ತ ಮೊದಲ ರೈಲು ಚೆನ್ನೈಗೆ ಬಂತು. ಅದು ಮೆಟ್ಟೂರಿನ ಕಡೆಯಿಂದ ತಂದ ಕಾವೇರಿಯ ನೀರು. ನಮ್ಮ ಮನೆಗೂ ಮಾಮಿಯ ಮನೆಗೂ ಅದರ ಪಾಲು ಬಂತೋ ಇಲ್ಲವೋ, ಕೊಡಗಿನಲ್ಲಿ ಬಿದ್ದ ಮಳೆ ಯಾರದೆಂದು ಕೇಳುವ ಮನಸ್ಸು ಅಂದು ಬೀದಿಯಲ್ಲಿ ಯಾರಿಗೂ ಇರಲಿಲ್ಲ.

ಆ ವರ್ಷ ಹಿಂಗಾರು ಬರುವ ಮೊದಲು ನಾವೂ ಪಕ್ಕದ ಮನೆಯವರೂ ಸೇರಿ ಆಳನ್ನು ಕರೆಸಿ, ಎರಡೂ ಮನೆಯ ಇಂಗುಗುಂಡಿಗಳ ಹೂಳು ತೆಗೆಸಿ, ಹೊಸ ಮರಳು ಜಲ್ಲಿ ತುಂಬಿಸಿದೆವು. ಎದುರು ಮನೆಯವರು ಮೊದಲು ನೋಡುತ್ತ ನಿಂತರು. ಮರುದಿನ ಅದೇ ಆಳನ್ನು ಕರೆದರು. ಮತ್ಸರದಿಂದಲೇ ಕರೆದಿರಬಹುದು! ಅಂಥ ಮತ್ಸರಕ್ಕೆ ನಮ್ಮ ತಕರಾರಿಲ್ಲ. ನಮ್ಮ ಬಾವಿಯ ಉಪ್ಪು ಪೂರ್ತಿ ಹೋಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ, ಮೊದಲಿಗಿಂತ ಮೇಲು.

‘ಅಗ್ನಿ ಮತ್ತು ಮಳೆ’ ಸುಲಭದ ನಾಟಕವಲ್ಲ. ಪಾತ್ರಗಳು ಹಲವು, ಕಥೆಯ ಎಳೆಗಳು ತೊಡಕಾದವು. ಆದರೂ ಮನೆಯಲ್ಲಿ ನಾಲ್ಕು ಜನ ಕೂತು ಗಟ್ಟಿಯಾಗಿ ಓದಿಕೊಳ್ಳಲು ತಕ್ಕ ಕೃತಿ. ನಿತ್ತಿಲೆಯ ಮಾತುಗಳನ್ನು ಮಕ್ಕಳ ಕೈಲಿ ಓದಿಸಬೇಕು. ನಮ್ಮ ಸಂಘದ ಹವ್ಯಾಸಿ ಕಲಾವಿದರು ಮುಂದಿನ ನಾಡಹಬ್ಬಕ್ಕೆ ಎಂದಿನ ನಗೆನಾಟಕದ ಬದಲು ಇದನ್ನು ಕೈಗೆತ್ತಿಕೊಂಡರೆ ನಾವು ಮೊದಲ ಸಾಲಿನಲ್ಲಿ ಕೂರುತ್ತೇವೆ. ಪಕ್ಕದ ಮನೆಯ ಮಾಮಿಯನ್ನೂ ಕರೆತರುತ್ತೇವೆ. ಅವರಿಗೆ ಕನ್ನಡ ಅಷ್ಟಾಗಿ ಬಾರದು. ಮಳೆ ಬೀಳುವುದು ತಿಳಿಯುತ್ತದೆ.